ಆರ್ಗ್ಯಾನಿಕ್ ಬಟ್ಟೆ ಹುಡುಕ್ತಾ ಹೊರಟು ಮಾವನ ಹಳೇ ಧೋತರದ ಹತ್ರ ಬಂದು ನಿಂತ ಕಥೆ

ಪುಟ್ಟಿಗೆ ಆಗ ಐದು ತಿಂಗಳು. ಬಾಣಂತನ ಮುಗಿಸ್ಕೊಂಡು ಸಾಗರದಿಂದ ಬೆಂಗಳೂರಿಗೆ ಬಂದು ಇನ್ನೂ ಹದಿನೈದು ದಿನ ಆಗಿರ್ಲಿಲ್ಲ, ಕೆನ್ನೆ ಮೇಲೆ, ಕತ್ತಿನ ಮಡಿಕೇಲಿ, ಬೆನ್ನಲ್ಲಿ ಕೆಂಪು ಕೆಂಪು ದದ್ದು ಏಳೋಕೆ ಶುರುವಾಯ್ತು. ಮೊದ್ಲು ಸೊಳ್ಳೆ ಅಂದ್ಕೊಂಡ್ವಿ, ಆಮೇಲೆ ಬೋರ್‌ವೆಲ್ ನೀರು ಅಂದ್ಕೊಂಡ್ವಿ, ಪಕ್ಕದ್ಮನೆ ಆಂಟಿ ದೃಷ್ಟಿ ಅಂದ್ರು, ಅದನ್ನೂ ತೆಗೆದಾಯ್ತು. ರಾತ್ರಿ ಎಲ್ಲಾ ತಲೆನ ಆ ಕಡೆ ಈ ಕಡೆ ಉಜ್ಜಿ ಉಜ್ಜಿ ಅಳೋದು, ನಾವಿಬ್ರೂ ಪಾಳಿ ಹಾಕ್ಕೊಂಡು ಎತ್ತಾಡ್ಸೋದು, ಬೆಳಗ್ಗೆ ನೋಡಿದ್ರೆ ದಿಂಬಿನ ಬಟ್ಟೆ ಮೇಲೆ ಸಣ್ಣ ಸಣ್ಣ ರಕ್ತದ ಗೀರು. ಅದನ್ನ ನೋಡಿದ ದಿನಾನೇ ಚರ್ಮದ ಡಾಕ್ಟರ್ ಹತ್ರ ಓಡಿದ್ವಿ.

ಡಾಕ್ಟರ್ ಸ್ವಲ್ಪ ವಯಸ್ಸಾದವ್ರು. ಮಗೂನ ಮುಟ್ಟಿ ನೋಡೋಕೂ ಮುಂಚೆ ಫ್ರಾಕ್‌ನ ತುದಿ ಹಿಡ್ಕೊಂಡು ಒಳಗಿನ ಮಗ್ಗುಲು ತಿರುಗಿಸಿ ನೋಡಿದ್ರು. ಮೇಲೆ ಸ್ಯಾಟಿನ್, ಒಳಗೆ ನೆಟ್, ಸೊಂಟಕ್ಕೆ ಗಟ್ಟಿ ಎಲಾಸ್ಟಿಕ್. ತೊಟ್ಟಿಲು ಕಾರ್ಯಕ್ಕೆ ಯಾರೋ ಉಡುಗೊರೆ ಕೊಟ್ಟಿದ್ದು, ಡಾಕ್ಟರ್ ಹತ್ರ ಹೋಗ್ಬೇಕಲ್ಲಾ ಅಂತ ಚೆನ್ನಾಗಿರೋದನ್ನೇ ಹುಡುಕಿ ಹಾಕಿದ್ದೆ. "ಇದನ್ನ ಮಗೂಗೆ ಹೊಲಿದಿದ್ದೋ ಗೊಂಬೆಗೆ ಹೊಲಿದಿದ್ದೋ ಅಮ್ಮಾ?" ಅಂದ್ರು. ನಂಗೆ ಅವಮಾನ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಅವ್ರು ಹೇಳಿದ್ದು ಇಷ್ಟು. ಇದು ಎಕ್ಸಿಮಾ, ಚರ್ಮ ಒಣಗೋ ಗುಣ, ದಿನಕ್ಕೆ ಎರಡು ಸಲ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ, ಕೆಂಪಾದ ಜಾಗಕ್ಕೆ ಈ ಆಯಿಂಟ್‌ಮೆಂಟ್ ಇಷ್ಟೇ ದಿನ. ಬಟ್ಟೆ ಸಡಿಲ ಇರ್ಲಿ, ಹತ್ತಿ ಇರ್ಲಿ, ಹೊಸದನ್ನ ಒಗೀದೆ ಹಾಕ್ಬೇಡಿ, ಕಂಫರ್ಟು ಗಿಂಫರ್ಟು ಅಂತ ಘಮಘಮ ನೀರಲ್ಲಿ ಅದ್ದಬೇಡಿ, ಸೋಪು ಪೂರ್ತಿ ಹೋಗೋ ಹಾಗೆ ಇನ್ನೊಂದು ನೀರಲ್ಲಿ ಜಾಲಿಸಿ. ಆರ್ಗ್ಯಾನಿಕ್ ಅನ್ನೋ ಪದ ಅವ್ರ ಬಾಯಲ್ಲಿ ಬರ್ಲೇ ಇಲ್ಲ, ಕೇಳಿದ್ದು ನಾನೇ. "ದುಡ್ಡಿದ್ರೆ ತಗೊಳ್ಳಿ, ಆದ್ರೆ ಅದನ್ನ ಔಷಧಿ ಅಂದ್ಕೋಬೇಡಿ" ಅಂದ್ರು. ನಾನು ಮೊದಲರ್ಧ ಮಾತ್ರ ಕೇಳಿಸ್ಕೊಂಡೆ.

ಮನೆಗೆ ಬಂದು ಫೋನಲ್ಲಿ ಹುಡುಕಿದ್ದೇ ತಡ, ಆ ಫೋನಿಗೆ ನಮ್ಮನೇಲಿ ಮಗು ಇದೆ ಅಂತ ಗೊತ್ತಾಗೋಯ್ತು. ಆರ್ಗ್ಯಾನಿಕ್ ರಾಂಪರ್, ಆರ್ಗ್ಯಾನಿಕ್ ಬಿಬ್, ಆರ್ಗ್ಯಾನಿಕ್ ಸಾಕ್ಸು, ಮಾತ್ ಮಾತಿಗೂ ಕೆಮಿಕಲ್ ಫ್ರೀ. ರಾತ್ರಿ ಎರಡು ಗಂಟೇಲಿ ಒಂದು ಕೈಯಲ್ಲಿ ಮಗು ತಟ್ತಾ ಇನ್ನೊಂದು ಕೈಯಲ್ಲಿ ಆರ್ಡರ್ ಹಾಕಿದ್ದು 849 ರೂಪಾಯಿಯ ಒಂದು ಪಿಂಕ್ ರಾಂಪರ್. ಬಂತು, ಮೆತ್ತಗಿತ್ತು, ಖುಷಿಯಾಯ್ತು, ಡಾಕ್ಟರ್ ಹೇಳಿದ ಹಾಗೆ ಮೊದ್ಲು ಒಗೀತೀನಿ ಅಂತ ಬಕೆಟ್‌ಗೆ ಹಾಕಿದೆ, ಜೊತೆಗಿದ್ದ ಬಿಳೀ ಟವಲ್ಲು ಹತ್ತು ನಿಮಿಷದಲ್ಲಿ ಗುಲಾಬಿ ಆಗಿತ್ತು. ಲೇಬಲ್ ತಿರುಗಿಸಿ ನೋಡಿದ್ರೆ ಒಂದು ಹಸಿರು ಎಲೆ ಚಿತ್ರ, ಕೆಳಗೆ '100% ಆರ್ಗ್ಯಾನಿಕ್', ಅಷ್ಟೇ, ಇನ್ನೇನೂ ಇಲ್ಲ. ಸರ್ಟಿಫಿಕೇಟ್ ಇದ್ಯಾ ಅಂತ ಮಾರಿದವ್ರಿಗೆ ಮೆಸೇಜ್ ಮಾಡಿದ್ರೆ "ಪ್ಯೂರ್ ಕಾಟನ್ ಮೇಡಂ" ಅಂತ ಉತ್ತರ, ಜೊತೆಗೊಂದು ಹಾರ್ಟ್ ಎಮೋಜಿ. ಒಗೆದ ಬಟ್ಟೆ ವಾಪಸ್ ತಗೊಳ್ಳಲ್ವಂತೆ.

ಆ ಸಿಟ್ಟಲ್ಲೇ ನಾನು ಓದೋಕೆ ಕೂತಿದ್ದು. ನಮ್ಮನೆಯವ್ರು ಸಾಫ್ಟ್‌ವೇರು, ಅವ್ರೂ ಒಂದು ಎಕ್ಸೆಲ್ ಶೀಟ್ ತೆಗೆದು ಕೂತ್ರು (ಅವ್ರಿಗೆ ಯಾವ ಕಷ್ಟ ಬಂದ್ರೂ ಮೊದ್ಲು ಎಕ್ಸೆಲ್ ಶೀಟೇ).

ಗೊತ್ತಾಗಿದ್ದನ್ನ ಹೇಳ್ತೀನಿ. ಪ್ಯೂರ್ ಕಾಟನ್ ಬೇರೆ, ಆರ್ಗ್ಯಾನಿಕ್ ಕಾಟನ್ ಬೇರೆ. ಹತ್ತಿ ಆರ್ಗ್ಯಾನಿಕ್ ಅನ್ನಿಸ್ಕೋಬೇಕು ಅಂದ್ರೆ ಬಿಟಿ ಬೀಜ (ಹುಳ ತಡೆಯೋ ಹಾಗೆ ಜೀನ್ ಬದಲಾಯಿಸಿದ ಬೀಜ) ಹಾಕೋ ಹಾಗಿಲ್ಲ, ರಾಸಾಯನಿಕ ಗೊಬ್ಬರ ಕೀಟನಾಶಕ ಮುಟ್ಟೋ ಹಾಗಿಲ್ಲ, ಹೊಲಾನ ಎರಡು ಮೂರು ವರ್ಷ ಹಾಗೇ ಬೆಳೆಸಿ ಆಮೇಲೆ ಸರ್ಟಿಫಿಕೇಟ್ ಸಿಗೋದು. ನಮ್ಮ ದೇಶದಲ್ಲಿ ಅದಕ್ಕೆ ಎನ್‌ಪಿಒಪಿ ಅಂತ 2001ರಿಂದ ಒಂದು ಸರ್ಕಾರಿ ವ್ಯವಸ್ಥೆ ಇದೆ. ಆದ್ರೆ ಇದೆಲ್ಲ ಹೊಲದ ಮಾತು. ಹೊಲದಿಂದ ಅಂಗಿ ಆಗೋವರೆಗೂ ನೂಲು, ನೇಯ್ಗೆ, ಬ್ಲೀಚು, ಬಣ್ಣ, ಫಿನಿಶಿಂಗ್ ಅಂತ ಹತ್ತು ಕೈ ದಾಟುತ್ತಲ್ಲ, ಅದನ್ನೂ ನೋಡೋದು ಗಾಟ್ಸ್ ಅಂತ ಕರೆಯೋ ಜಿಒಟಿಎಸ್ ಸರ್ಟಿಫಿಕೇಟ್. ಅದ್ರಲ್ಲಿ ಕ್ಲೋರಿನ್ ಬ್ಲೀಚ್ ಇಲ್ಲ, ಚರ್ಮ ಕೆರಳಿಸೋ ಫಾರ್ಮಾಲ್ಡಿಹೈಡ್ ಅನ್ನೋ ರಾಸಾಯನಿಕ ಇಲ್ಲ, ಬಣ್ಣಗಳಿಗೂ ಕಟ್ಟುನಿಟ್ಟು. ಗಾಟ್ಸ್ ಲೇಬಲ್ ಮೇಲೆ ಬರೀ 'ಆರ್ಗ್ಯಾನಿಕ್' ಅಂತಿದ್ರೆ ಕನಿಷ್ಠ 95 ಪರ್ಸೆಂಟ್ ಆರ್ಗ್ಯಾನಿಕ್ ನಾರು, 'ಮೇಡ್ ವಿತ್ ಆರ್ಗ್ಯಾನಿಕ್' ಅಂತಿದ್ರೆ ಕನಿಷ್ಠ 70. ನಂಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಏನಂದ್ರೆ, ಅಸಲಿ ಲೇಬಲ್ ಮೇಲೆ ಸರ್ಟಿಫಿಕೇಟ್ ಕೊಟ್ಟವರ ಹೆಸರು ಮತ್ತೆ ಒಂದು ಲೈಸೆನ್ಸ್ ನಂಬರ್ ಇರ್ಬೇಕು, ಆ ನಂಬರ್‌ನ ಅವ್ರ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ಹಾಕಿ ನೋಡ್ಬಹುದು. ಎಲೆ ಚಿತ್ರ ಯಾರು ಬೇಕಾದ್ರೂ ಬಿಡಿಸ್ತಾರೆ.

ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 ಅಂತ ಇನ್ನೊಂದು ಕಾಣುತ್ತೆ, ಅದು ಆರ್ಗ್ಯಾನಿಕ್ ಅಲ್ಲ, ತಯಾರಾದ ಬಟ್ಟೇಲಿ ಹಾನಿಕರ ವಸ್ತು ಇದ್ಯಾ ಅಂತ ಟೆಸ್ಟ್ ಮಾಡಿರೋದಕ್ಕೆ ಕೊಡೋದು, ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಅದ್ರಲ್ಲಿ ಎಲ್ಲಕ್ಕಿಂತ ಬಿಗಿಯಾದ ಕ್ಲಾಸ್ ಒಂದು. ಬರೀ ಮಗು ಚರ್ಮದ ಚಿಂತೆ ಮಾತ್ರ ಇರೋರಿಗೆ ಇದೂ ಸಾಕೇನೋ ಅಂತ ನನ್ನ ಅಭಿಪ್ರಾಯ.

ಹಾಗಂತ ಸರ್ಟಿಫಿಕೇಟ್ ಇದ್ರೆ ಕಣ್ಮುಚ್ಚಿ ನಂಬಬಹುದಾ ಅಂದ್ರೆ, 2020ರಲ್ಲಿ ನಮ್ಮ ದೇಶದ್ದೇ ಸುಮಾರು 20,000 ಟನ್ ಹತ್ತಿಗೆ ಸುಳ್ಳು ಪತ್ರ ಸೃಷ್ಟಿ ಮಾಡಿದ್ರು ಅಂತ ಆ ಗಾಟ್ಸ್ ಸಂಸ್ಥೆಯವ್ರೇ ಹೇಳಿ 11 ಕಂಪನಿಗಳನ್ನ ಹೊರಗಿಟ್ಟಿದ್ರು. ಇದನ್ನ ಓದಿದ ರಾತ್ರಿ ನಮ್ಮನೆಯವ್ರು ಎಕ್ಸೆಲ್ ಶೀಟ್ ಮುಚ್ಚಿ ಮಲಗಿದ್ರು.

ಆದ್ರೂ ನಂಬರ್ ಸರಿ ಇದ್ದ ಒಂದು ಕಡೆಯಿಂದ ಎರಡು ಜಬಲಾ, ಒಂದು ಸ್ಲೀಪ್ ಸೂಟ್ ತರಿಸಿದೆ, ಎಲ್ಲಾ ಸೇರಿ 2,300 ಚಿಲ್ರೆ ಆಯ್ತು. ತಿಳಿ ಕೆನೆ ಬಣ್ಣ, ಬಣ್ಣ ಹಾಕೇ ಇಲ್ಲ ಅನ್ನೋ ಹಾಗೆ. ಮೆತ್ತಗೂ ಇತ್ತು, ಹೊಲಿಗೆ ಚಪ್ಪಟೆ ಇತ್ತು, ಟಿಚ್ ಬಟನ್ ನಿಕ್ಕಲ್ ಇಲ್ಲದ್ದು ಅಂತ ಬರೆದಿತ್ತು (ನಿಕ್ಕಲ್‌ಗೆ ಅಲರ್ಜಿ ಇರೋರು ಸುಮಾರು ಜನ ಇದ್ದಾರೆ, ನಂಗೇ ಆರ್ಟಿಫಿಶಿಯಲ್ ಓಲೆ ಹಾಕಿದ್ರೆ ಕಿವಿ ಸೋರುತ್ತೆ, ಬಟ್ಟೆ ಬಟನ್ ಬಗ್ಗೆ ಮಾತ್ರ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ). ಹಾಕಿದ ಮೂರನೇ ದಿನ ನೋಡಿದ್ರೆ ಕತ್ತಿನ ಹಿಂದೆ ಒಂದು ಕೆಂಪು ಚೌಕ. ಏನು ಅಂತ ನೋಡಿದ್ರೆ ಆ ಲೇಬಲ್ಲೇ ಉಜ್ಜಿ ಉಜ್ಜಿ ಆಗಿದ್ದು. ಲೈಸೆನ್ಸ್ ನಂಬರ್ ಸಮೇತ ಕತ್ತರಿಸಿ ಎಸೆದೆ.

ಅಷ್ಟು ಹೊತ್ತಿಗೆ ಗದಗದಿಂದ ಅತ್ತೆ ಬಂದ್ರು. ಕೂಸಿನ ಮೈ ನೋಡಿ, ಕಪಾಟು ನೋಡಿ, ಬಿಲ್ಲು ನೋಡಿ ಒಂದು ನಿಮಿಷ ಸುಮ್ನಿದ್ರು. ಆಮೇಲೆ, "ನೋಡವಾ, ಕೂಸಿಗೆ ಹೊಸಾ ಬಟ್ಟಿ ಯಾಕ ಹಾಕ್ತೀರಿ? ನಾವು ಎಂದರೆ ಹಾಕೀವೇನು? ನಿಮ್ಮ ಮಾವಾರ ಹಳೇ ಧೋತರ ತಂದೀನಿ, ತಡಿ" ಅಂತ ಚೀಲದಿಂದ ಮೂರು ಧೋತರ ತೆಗೆದು ಕತ್ತರಿ ಕೇಳಿದ್ರು. ಹತ್ತಾರು ವರ್ಷ ಒಗೆದೂ ಒಗೆದೂ ಬೆಣ್ಣೆ ಥರ ಆಗಿದ್ದ ಬಟ್ಟೆ. ನಮ್ಮ ಸಾಗರದ ಕಡೇನೂ ಅಮ್ಮ ಇದನ್ನೇ ಮಾಡಿದ್ರು, ಅಪ್ಪನ ಹಳೇ ಪಂಚೆ, ಅಜ್ಜಿ ಹಳೇ ಕಾಟನ್ ಸೀರೆ. ಬಾಣಂತನದ ಅಷ್ಟೂ ತಿಂಗಳು ಪುಟ್ಟಿ ಮೈ ಮೇಲೆ ಒಂದು ಗುಳ್ಳೆ ಇರ್ಲಿಲ್ಲ. ನಾನು ಅದನ್ನ ಊರಿನ ಹವೆ ಅಂದ್ಕೊಂಡಿದ್ದೆ, ಆ ಹಳೇ ಬಟ್ಟೆಗಳನ್ನ 'ಬೆಂಗಳೂರಲ್ಲಿ ಯಾರಾದ್ರೂ ನೋಡಿದ್ರೆ' ಅಂತ ಅಲ್ಲೇ ಬಿಟ್ಟು ಬಂದಿದ್ದೆ.

ಯೋಚ್ನೆ ಮಾಡಿದ್ರೆ ಅತ್ತೆ ಹೇಳಿದ್ದೂ ಡಾಕ್ಟರ್ ಹೇಳಿದ್ದೂ ನಾನು ಓದಿದ್ದೂ ಒಂದೇ. ಹೊಸ ಬಟ್ಟೇಲಿ ಗಂಜಿ ಇರುತ್ತೆ, ಮೆತ್ತಗಾಗೋಕೆ ಹಾಕಿದ ಸಾಫ್ಟನರ್ ಇರುತ್ತೆ, ಸುಕ್ಕು ಬರ್ದೇ ಇರ್ಲಿ ಅಂತ ಹಾಕೋ ರೆಸಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಇರಬಹುದು, ಸರಿಯಾಗಿ ಕೂರದೆ ಉಳಿದ ಬಣ್ಣ ಇರುತ್ತೆ. ಪಾಲಿಯೆಸ್ಟರ್‌ಗೆ ಹಾಕೋ ಡಿಸ್ಪರ್ಸ್ ಬಣ್ಣಗಳು ನಾರಿಗೆ ಗಟ್ಟಿಯಾಗಿ ಅಂಟ್ಕೊಳ್ಳಲ್ಲ, ಬೆವರಿಗೆ ಬಿಟ್ಕೊಳ್ಳುತ್ತೆ, ಬಟ್ಟೆ ಅಲರ್ಜಿಗೆ ಅವು ಹೆಸರುವಾಸಿ. ಅಜೋ ಅನ್ನೋ ಜಾತಿಯ ಕೆಲವು ಸಿಂಥೆಟಿಕ್ ಬಣ್ಣಗಳನ್ನಂತೂ ನಮ್ಮ ಸರ್ಕಾರಾನೇ 1997ರಲ್ಲಿ ನಿಷೇಧ ಮಾಡಿದೆ. ಮಗು ಚರ್ಮ ನಮ್ಮದಕ್ಕಿಂತ ತೆಳು, ಮೇಲಾಗಿ ಸಿಕ್ಕಿದ ಕಾಲರ್ ಎಲ್ಲಾ ಬಾಯಿಗೇ ಹೋಗೋದು. ಗಾಟ್ಸ್‌ನವ್ರು ಇದ್ರಲ್ಲಿ ಹಾನಿಕರ ಅನ್ನೋದನ್ನ ಫ್ಯಾಕ್ಟರೀಲೇ ತಡೀತಾರೆ, ಮಾವನ ಧೋತರದಲ್ಲಿ ಇವು ಯಾವ್ದಾದ್ರೂ ಇದ್ದಿದ್ರೂ ಇಪ್ಪತ್ತು ವರ್ಷದ ಹಿಂದೆನೇ ಗದಗದ ಬಚ್ಚಲಲ್ಲಿ ಹರಿದು ಹೋಗಿರುತ್ತೆ.

ಅಲ್ಲಿಂದ ನಂಗೆ ಒಂದು ಹುಚ್ಚು ಹಿಡೀತು, ಪರೀಕ್ಷೆ ಮಾಡೇ ಬಿಡೋಣ ಅಂತ. ಮಾಯಿಶ್ಚರೈಸರ್, ಸ್ನಾನ, ಸೋಪು ಎಲ್ಲಾ ಒಂದೇ ಥರ ಇಟ್ಕೊಂಡು ಒಂದು ವಾರ ಬರೀ ಸರ್ಟಿಫೈಡ್ ಆರ್ಗ್ಯಾನಿಕ್, ಇನ್ನೊಂದು ವಾರ ಬರೀ ಧೋತರದ ಬಟ್ಟೆ, ಮೂರನೇ ವಾರ ಮಾರ್ಕೆಟ್‌ನ ಮಾಮೂಲಿ ಬಿಳೀ ಕಾಟನ್ ಜಬಲಾ, 120 ರೂಪಾಯಿಯದ್ದು, ಐದು ಸಲ ಒಗೆದು. ದಿನಾ ರಾತ್ರಿ ಬೆನ್ನಿನ ಫೋಟೋ ತೆಗೆಯೋದು. ಇದು ವಿಜ್ಞಾನ ಅಲ್ಲ, ಒಂದೇ ಮಗು, ನನ್ನ ಕಣ್ಣು, ನನ್ನ ಫೋನು. ಮೂರು ವಾರದ ಫೋಟೋ ಪಕ್ಕಪಕ್ಕ ಇಟ್ಟು ನೋಡಿದ್ರೆ ನಂಗಂತೂ ವ್ಯತ್ಯಾಸ ಕಾಣ್ಲಿಲ್ಲ, ಮೂರರಲ್ಲೂ ಚರ್ಮ ತಿಳಿಯಾಗ್ತಾನೇ ಇತ್ತು. ನಡುವೆ ಒಂದು ದಿನ ಮದುವೆ ಮನೆಗೆ ಅಂತ ಕಡುನೀಲಿ ಪಾಲಿಯೆಸ್ಟರ್ ಲಂಗ ಬ್ಲೌಸ್ ಹಾಕಿದ್ದೆ, ನಾಲ್ಕೇ ಗಂಟೆ, ಕಂಕುಳು ಮತ್ತೆ ಸೊಂಟದಲ್ಲಿ ಮತ್ತೆ ಕೆಂಪು. ಬೆವರು, ಉಜ್ಜೋದು, ಬಣ್ಣ, ಯಾವುದು ಅಂತ ಹೇಳೋಕೆ ನಂಗೆ ಬರಲ್ಲ, ಆ ಲಂಗ ಮಾತ್ರ ಮತ್ತೆ ಹಾಕ್ಲಿಲ್ಲ.

ಹಾಗಾದ್ರೆ ಆರ್ಗ್ಯಾನಿಕ್‌ಗೆ ಕೊಟ್ಟ 2,300 ದಂಡನಾ ಅಂತ ನಮ್ಮನೆಯವ್ರು ಕೇಳಿದ್ರು. ನಾನೂ ಸುಮಾರು ದಿನ ಹಾಗೇ ಅಂದ್ಕೊಂಡೆ. ಸಂಕ್ರಾಂತಿಗೆ ಗದಗಕ್ಕೆ ಹೋದಾಗ ಮಾವನ ಜೊತೆ ಹೊಲಕ್ಕೆ ಹೋಗದೇ ಇದ್ದಿದ್ರೆ ಈಗ್ಲೂ ಹಾಗೇ ಅಂದ್ಕೊಂಡಿರ್ತಿದ್ದೆ.

ಮಾವ ಜಾಸ್ತಿ ಮಾತಾಡೋರಲ್ಲ. ಹತ್ತಿ ಬಗ್ಗೆ ಕೇಳಿದ್ರೆ ಮಾತ್ರ ನಿಲ್ಲಲ್ಲ. ಮೊದ್ಲು ಆ ಎರೆ ಹೊಲದಲ್ಲಿ ಜಯಧರ ಅಂತ ಜವಾರಿ ಹತ್ತಿ ಹಾಕ್ತಿದ್ರಂತೆ, ಮಳೆ ನೀರಲ್ಲೇ ಬರೋದು, ಕಡ್ಲೆ ಜೋಳದ ಥರ ಅದರ ಪಾಡಿಗೆ ಅದು. ಎಳೆ ಗಿಡ್ಡ, ಮಿಲ್ಲಿನವ್ರಿಗೆ ಉದ್ದ ಎಳೆ ಬೇಕು, ರೇಟು ಬರ್ಲಿಲ್ಲ. 2002ರಲ್ಲಿ ಬಿಟಿ ಬಂತು, ಈಗ ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅದೇ. "ಮೊದಮೊದಲ ಛಲೋ ಆತು, ಸುಳ್ಳ ಹೇಳಬಾರದು, ಕಾಯಿಕೊರಕ ಕಡಿಮಿ ಆತು" ಅಂದ್ರು. ಆಮೇಲೆ ರಸ ಹೀರೋ ಹುಳ, ಆಮೇಲೆ ಗುಲಾಬಿ ಕಾಯಿಕೊರಕ ಅದಕ್ಕೂ ಜಗ್ಗದೆ ವಾಪಸ್ ಬಂತು, ಮತ್ತೆ ಎಣ್ಣೆ ಹೊಡೆಯೋದು ಶುರು. ಆ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಾರೆ, ನಂಗೆ ಮೊದಮೊದ್ಲು ಅರ್ಥ ಆಗ್ತಿರ್ಲಿಲ್ಲ, ಹತ್ತಿಗೆ ಯಾಕೆ ಎಣ್ಣೆ ಅಂತ. ಗಾಳಿಗೆ ಎದುರು ನಿಂತು ಎಣ್ಣಿ ಹೊಡೆದ ಒಂದು ಸಂಜೆ ಮಾವ ಬದುವಿನ ಮೇಲೆ ವಾಂತಿ ಮಾಡ್ಕೊಂಡು ಬಿದ್ದಿದ್ರಂತೆ, ಮೂಗಿಗೆ ಕಟ್ಟಿದ್ದು ಒಂದು ಟವಲ್ಲು ಅಷ್ಟೇ. ಅತ್ತೆ ಇದನ್ನ ನಮಗ್ಯಾರಿಗೂ ಹೇಳಿರ್ಲಿಲ್ಲ.

ನಾನು ಓದಿದ್ದ ಪ್ರಕಾರ ಆ ಎಣ್ಣಿ ಪುಟ್ಟಿ ಅಂಗಿವರೆಗೂ ಬರೋದು ತೀರಾ ಕಡಿಮೆ, ಯಾಕಂದ್ರೆ ಬಟ್ಟೆ ಆಗೋ ಹೊತ್ತಿಗೆ ಹತ್ತಿ ಕ್ಷಾರದಲ್ಲಿ ಬೆಂದು, ಬ್ಲೀಚಲ್ಲಿ ನೆಂದು, ಹತ್ತು ನೀರು ಕಂಡಿರುತ್ತೆ. ಇದನ್ನ ಹೇಳ್ದೆ 'ನಿಮ್ಮ ಮಗು ವಿಷ ಉಟ್ಕೊಂಡಿದೆ' ಅಂತ ಹೆದರಿಸಿ ಮಾರೋ ಜಾಹೀರಾತು ಕಂಡ್ರೆ ನಂಗೆ ಈಗ್ಲೂ ಮೈ ಉರಿಯುತ್ತೆ. ವಿಷ ಬೀಳೋದು ಬದುವಿನ ಮೇಲೆ ಬಿದ್ದವ್ರ ಮೈಗೆ. ಬಣ್ಣದ ನೀರಿನದ್ದೂ ಅದೇ ಕಥೆ, ತಮಿಳುನಾಡಿನ ತಿರುಪ್ಪೂರಲ್ಲಿ ಬಟ್ಟೆಗೆ ಬಣ್ಣ ಹಾಕೋ ಡೈಯಿಂಗ್ ಘಟಕಗಳು ನೊಯ್ಯಲ್ ನದಿ ಕೆಡಿಸಿ ಕೆಡಿಸಿ ಕೊನೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟು ಅವನ್ನ ಮುಚ್ಚಿಸ್ಬೇಕಾಯ್ತು, ನಮ್ಮ ಮಕ್ಕಳ ಬನಿಯನ್ನು ಚಡ್ಡಿ ಎಷ್ಟೋ ಆ ಕಡೆಯಿಂದ ಬರೋದು. ಆ 2,300ರಲ್ಲಿ ಜಾಸ್ತಿ ಪಾಲು ಪುಟ್ಟಿ ಬೆನ್ನಿಗಲ್ಲ, ಯಾರದೋ ಹೊಲ ಯಾರದೋ ಹೊಳೆಗೆ ಕೊಟ್ಟಿದ್ದು ಅಂದ್ಕೊಂಡ್ಮೇಲೆ ದಂಡ ಅನ್ನಿಸ್ಲಿಲ್ಲ. ಹಾಗಂತ ತಿಂಗಳು ತಿಂಗಳು ಕೊಡೋಕೆ ನಮ್ಮ ಕೈಲೂ ಆಗಲ್ಲ, ಮಗು ಎರಡು ತಿಂಗಳಿಗೊಂದು ಸೈಜ್ ದಾಟುತ್ತೆ.

ಅದಕ್ಕೆ ಮುಂದಿನ ಸೈಜಿಗೆ ಬಟ್ಟೆ ಹೊಲಿಸೋಣ ಅಂದ್ಕೊಂಡೆ. ತವರಿಗೆ ಹೋದಾಗ ಹೆಗ್ಗೋಡಿನ ಹತ್ರ ಭೀಮನಕೋಣೆಯ ಚರಕಕ್ಕೆ ಹೋಗಿದ್ದೆ, ಹೆಣ್ಮಕ್ಕಳೇ ನಡೆಸೋ ಕೈಮಗ್ಗದ ಸಹಕಾರ ಸಂಘ, ನಮ್ಮೂರಿಗೆ ಅಷ್ಟು ಹತ್ರ ಇದ್ರೂ ಕಾಲೇಜಲ್ಲಿ ಇದ್ದಾಗ ಒಂದ್ಸಲ ಹೋಗಿದ್ದಷ್ಟೇ. ಅಲ್ಲಿ ಅಡಿಕೆ ಚೊಗರಿನಲ್ಲಿ ಬಣ್ಣ ಹಾಕ್ತಾರೆ. ಮಲೆನಾಡಿನವ್ರಿಗೆ ಚೊಗರು ಹೇಳೋದೇ ಬೇಡ, ಅಡಿಕೆ ಬೇಯಿಸಿದ ಆ ಕೆಂಪು ರಸ ಒಂದ್ಸಲ ಬಟ್ಟೆಗೆ ಬಿತ್ತು ಅಂದ್ರೆ ಅಮ್ಮನ ಕೈಲಿ ಏಟು ಗ್ಯಾರಂಟಿ, ಯಾವ ಸೋಪಿಗೂ ಹೋಗಲ್ಲ. ಚಿಕ್ಕವರಿದ್ದಾಗ ಬೈಸ್ಕೊಂಡ ಅದೇ ಕಲೆನ ಈಗ ಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದೆ ಅಂತ ಅಮ್ಮ ಈಗ್ಲೂ ನಗ್ತಾರೆ. ಒಂದು ಮಾತು, ಬಣ್ಣ ನೈಸರ್ಗಿಕ ಆದ ಮಾತ್ರಕ್ಕೆ ಹತ್ತಿ ಆರ್ಗ್ಯಾನಿಕ್ ಅಂತ ಅಲ್ಲ, ಆರ್ಗ್ಯಾನಿಕ್ ಹತ್ತಿ ಅಂದ ಮಾತ್ರಕ್ಕೆ ಬಣ್ಣ ಗಿಡದ್ದು ಅಂತಾನೂ ಅಲ್ಲ, ಗಾಟ್ಸ್‌ನಲ್ಲೂ ನಿಯಮಕ್ಕೆ ಒಪ್ಪೋ ಸಿಂಥೆಟಿಕ್ ಬಣ್ಣ ಹಾಕ್ಬಹುದು. ಈ ಎರಡನ್ನ ನಾನು ಸುಮಾರು ದಿನ ಒಂದೇ ಅಂದ್ಕೊಂಡಿದ್ದೆ.

ಚೊಗರಿನ ಬಟ್ಟೆ ಎರಡು ಮೀಟರ್, ಜೊತೆಗೆ ಖಾದಿ ಅಂಗಡಿಯಿಂದ ಕೋರಾ ಬಟ್ಟೆ ಮೂರು ಮೀಟರ್. ಕೋರಾ ಅಂದ್ರೆ ಬ್ಲೀಚೂ ಮಾಡದ, ಬಣ್ಣಾನೂ ಹಾಕದ ಬಟ್ಟೆ, ಅಲ್ಲಲ್ಲಿ ಹತ್ತಿ ಬೀಜದ ಸಿಪ್ಪೆ ಕಪ್ಪು ಚುಕ್ಕಿ ಥರ ಕಾಣುತ್ತೆ. ಇದಕ್ಕಿಂತ ಶುದ್ಧ ಏನಿದೆ ಅಂತ ಖುಷೀಲಿ ತಂದೆ, ಮುಟ್ಟಿದ್ರೆ ಗೋಣಿಚೀಲ. ಒಂದು ಹನಿ ನೀರು ಹಾಕಿದ್ರೆ ಕೆಸುವಿನ ಎಲೆ ಮೇಲೆ ನಿಂತ ಹಾಗೆ ನಿಂತಿತ್ತು, ಹೀರ್ಕೊಳ್ಳಲ್ಲ. ಹತ್ತಿ ನಾರಿನ ಮೇಲೆ ಹುಟ್ಟಾ ಒಂದು ಮೇಣ ಇರುತ್ತೆ, ಮೇಲೆ ನೇಯೋವಾಗ ಹಾಕಿದ ಗಂಜಿ ಬೇರೆ, ಅದು ಹೋಗೋವರೆಗೂ ಬೆವರು ಹೀರಲ್ಲ. ಮಗೂಗೆ ಹಾಗೇ ಹೊಲಿಸಿ ಹಾಕಿದ್ರೆ ಆರ್ಗ್ಯಾನಿಕ್ಕೋ ಏನೋ, ಮೈ ಮಾತ್ರ ಕೆತ್ತಿ ಹೋಗ್ತಿತ್ತು. ಒಂದು ರಾತ್ರಿ ನೆನೆಸಿಟ್ಟೆ, ಬೆಳಗ್ಗೆ ನೀರು ಟೀ ಬಣ್ಣ. ಹಂಡೇಲಿ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿದೆ, ಮನೆ ಎಲ್ಲಾ ಒದ್ದೆ ಗೋಣಿ ವಾಸನೆ, ನಮ್ಮನೆಯವ್ರು ಬಾಗಿಲು ತೆಗೆದು ಹೊರಗೆ ಹೋಗಿ ನಿಂತ್ರು. ನಾಲ್ಕು ನೀರಲ್ಲಿ ಜಾಲಿಸಿ, ಒಣಗಿಸಿ, ಮತ್ತೆ ಒಂದ್ಸಲ ಮಾಡಿದ್ಮೇಲೆ ಹನಿ ಹಾಕಿದ ತಕ್ಷಣ ಸುರ್ ಅಂತ ಒಳಗೆ ಹೋಯ್ತು. ಮೂರು ಮೀಟರ್ ಬಟ್ಟೆ ಒಂದು ಗೇಣಿಗಿಂತ ಜಾಸ್ತಿ ಮುದುಡಿತ್ತು, ಅದಕ್ಕೇ ಹೊಲಿಸೋಕೆ ಮುಂಚೆನೇ ಇದನ್ನೆಲ್ಲ ಮುಗಿಸ್ಬೇಕು.

ನಮ್ಮ ಏರಿಯಾದ ಟೈಲರ್ ಬಟ್ಟೆ ನೋಡಿ "ಮೇಡಂ, ಇದ್ರಲ್ಲಿ ಮಗೂಗಾ? ನಾನು ದಿಂಬಿನ ಕವರ್ ಅಂದ್ಕೊಂಡೆ" ಅಂದ. "ಅಣ್ಣಾ, ಹೊಲಿಗೆ ಹೊರಗಡೆ ಬರ್ಬೇಕು, ಎಲಾಸ್ಟಿಕ್ ಬೇಡ, ಬಟನ್ ಬೇಡ, ಲಾಡಿ ಇಡಿ" ಅಂದಿದ್ದಕ್ಕೆ ಮೂರು ಸಲ "ಉಲ್ಟಾ ಆಗುತ್ತೆ ಮೇಡಂ" ಅಂದ. ಉಲ್ಟಾನೇ ಬೇಕು ಅಂದೆ. ಒಂದಕ್ಕೆ 80 ರೂಪಾಯಿ ಹೊಲಿಗೆ, ಆರು ಜಬಲಾ ಎರಡು ಕುಲಾವಿ ಆಯ್ತು. ಉಳಿದ ಚೂರಲ್ಲಿ ಅತ್ತೆ ಧೋತರ ಸೇರಿಸಿ ಸಣ್ಣದೊಂದು ಕೌದಿ ಹೊಲಿದ್ರು, ಪುಟ್ಟಿ ಈಗ್ಲೂ ಅದರ ತುದಿ ಬಾಯಲ್ಲಿ ಇಟ್ಕೊಂಡೇ ಮಲಗೋದು.

ಈಗ ಅವಳಿಗೆ ಎರಡು ವರ್ಷ. ಚಳಿಗಾಲದಲ್ಲಿ ಮಂಡಿ ಹಿಂದೆ ಸ್ವಲ್ಪ ಕೆಂಪಾಗುತ್ತೆ, ಮಾಯಿಶ್ಚರೈಸರ್ ಎರಡು ದಿನ ಬಿಟ್ರೆ ಸಾಕು ನೆನಪು ಮಾಡುತ್ತೆ. ವಾಸಿ ಮಾಡಿದ್ದು ಬಟ್ಟೆ ಅಂತ ನಾನು ಯಾರಿಗೂ ಹೇಳಲ್ಲ. ವರ್ಷಕ್ಕೆ ಎರಡು ಜೊತೆ ನಂಬರ್ ನೋಡಿ ಆರ್ಗ್ಯಾನಿಕ್ ತಗೋತೀನಿ, ಉಳಿದಿದ್ದು ಅಕ್ಕನ ಮಕ್ಕಳು ಹಾಕಿ ಬಿಟ್ಟಿದ್ದು, ಹೊಸದೇನು ಬಂದ್ರೂ ಮೂರು ಸಲ ಒಗೀದೆ ಮೈಗಿಲ್ಲ. ಉಡುಗೊರೆ ಬಂದ ನೆಟ್ ಫ್ರಾಕುಗಳು ಹ್ಯಾಂಗರ್ ಮೇಲೆ ಫೋಟೋಗಷ್ಟೇ.

ಹೋದ ತಿಂಗಳು ನಾದಿನಿಗೆ ಗಂಡು ಮಗು ಆಯ್ತು. ಪುಟ್ಟಿ ಚಿಕ್ಕ ಬಟ್ಟೆ ಎಲ್ಲಾ ಒಗೆದು ಇಸ್ತ್ರಿ ಮಾಡಿ ಒಂದು ಚೀಲ ಕಳ್ಸಿದ್ದೆ. ಮೊನ್ನೆ ಫೋನ್ ಮಾಡಿದ್ಲು, "ವೈನಿ, ಇದರಾಗ ಆ ತುಟ್ಟಿ ಆರ್ಗ್ಯಾನಿಕ್ ಯಾವವು, ಧೋತರದವು ಯಾವವು? ಆರ್ಗ್ಯಾನಿಕ್ಕು ಹೆಸರಿಡೋ ದಿನ ಹಾಕೋಣಂತ." ವಿಡಿಯೋ ಕಾಲ್ ಮಾಡಿಸಿ ಒಂದೊಂದೇ ತೋರಿಸಿದ್ಲು, ಚೊಗರಿನವು ಬಿಟ್ರೆ ಎಲ್ಲಾ ಅದೇ ಕೆನೆ ಬಣ್ಣಕ್ಕೆ ತಿರುಗಿದೆ, ಎಲ್ಲಾ ಮೆತ್ತಗೆ, ಲೇಬಲ್ ಒಂದರಲ್ಲೂ ಇಲ್ಲ. ಆ ಎರಡು ಅಂಗಡಿ ಜಬಲಾದ ಟಿಚ್ ಬಟನ್ ಕೂಡ ಕಿತ್ತು ಹೋಗಿ ನಾನೇ ಯಾವಾಗ್ಲೋ ಲಾಡಿ ಹಾಕಿದ್ದೆ. ಐದು ನಿಮಿಷ ನೋಡಿದೆ, ನಂಗೂ ಗೊತ್ತಾಗ್ಲಿಲ್ಲ. ಹಿಂದಿನಿಂದ ಅತ್ತೆ ದನಿ ಕೇಳಿಸ್ತು, "ಯಾವದರೆ ಹಾಕವಾ, ಕೂಸು ಚಳಿಗೆ ನಡಗಾಕತ್ತೈತಿ."